ಸ್ಪೇಸರಿನ ಮೇಲೊಂದು ಬಿಂದಿಗೆ

ನಮ್ಮ ಅಡಿಗೆಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಹಿತ್ತಾಳೆ ಬಿಂದಿಗೆ ಇದೆ. ಅದರ ಕೆಳಗೆ ಎಲ್ಲರ ಮನೆಯ ಹಾಗೆ ಹುಲ್ಲಿನ ಸಿಂಬಿ ಇಲ್ಲ, ಹಳೇ ಸೀರೆ ಸುತ್ತಿದ ಸಿಂಬಿಯೂ ಇಲ್ಲ. ಕಿರುಬೆರಳ ದಪ್ಪದ ಒಂದು ಅಲ್ಯೂಮಿನಿಯಂ ಬಿಲ್ಲೆ ಇದೆ. ನಡುವೆ ದೊಡ್ಡ ತೂತು, ಸುತ್ತ ನಾಲ್ಕು ಸಣ್ಣ ತೂತು. ನೀರು ಕುಡಿಯಲು ಬಂದವರು ಬಗ್ಗಿ ನೋಡಿ, ಗ್ಯಾಸ್ ಒಲೆಯದಾ ಅಂತ ಕೇಳುತ್ತಾರೆ. ನಮ್ಮ ಚಿಕ್ಕಮ್ಮ ಚಕ್ಕುಲಿ ಒರಳಿನ ಬಿಲ್ಲೆ ಅಂದುಕೊಂಡು, ದೀಪಾವಳಿ ಮುಗಿಯುವವರೆಗೆ ಕೊಟ್ಟಿರು ಅಂದಿದ್ದಳು.

ಅದು ಕಾರಿನದು. ಅದೂ ಸ್ಪೋರ್ಟ್ಸ್ ಕಾರಿನದು. ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಮನೆಯ ಮುಂದೆ ನಿಂತಿರುವುದು ಸೈಕಲ್ಲು.

ಅದಕ್ಕೆ ಸ್ಪೇಸರ್ ಅಂತ ಹೆಸರು. ಕಾರಿನ ಚಕ್ರ ಬಂದು ಕೂರುತ್ತದಲ್ಲ, ಆ ಹಬ್‌ಗೂ ಚಕ್ರಕ್ಕೂ ಮಧ್ಯೆ ಇದನ್ನು ಇಟ್ಟು ಬೋಲ್ಟು ಬಿಗಿಯುವುದು. ಬಿಲ್ಲೆ ಎಷ್ಟು ದಪ್ಪವೋ ಚಕ್ರ ಅಷ್ಟು ಹೊರಗೆ ಬರುತ್ತದೆ. ಇಷ್ಟೇ ವಿಷಯ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಊರಿನ ಕನ್ನಡ ಶಾಲೆಯಲ್ಲಿ ಎಂಟನೇ ಕ್ಲಾಸಿನಲ್ಲಿ ಎರಡು ವರ್ಷ ಕೂತು ಎದ್ದು ಬಂದವನು ನಾನು. ಮೇಷ್ಟ್ರಿಗೂ ಬೇಜಾರಾಗಿತ್ತು, ಬೆಂಚಿಗೂ ಬೇಜಾರಾಗಿತ್ತು.

ಆಮೇಲೆ ಅಪ್ಪ ಅವ್ವನ ಜೊತೆ ಹೊಸೂರಿಗೆ ಬಂದು ರಾಯಕೋಟೆ ರಸ್ತೆಯಲ್ಲಿ ಮುನಿಯಣ್ಣನ ಅಂಗಡಿ ಸೇರಿದೆ. ಅಂಗಡಿ ಅಂದರೆ ಅರ್ಧ ಲೇತು, ಅರ್ಧ ಟೈರು. ಮುನಿಯಣ್ಣ ಲೇತಿನಲ್ಲಿ ತಿರುಗಿಸಿ ಕೊಟ್ಟಿದ್ದನ್ನು ನಾನು ಗಾಡಿಗೆ ಹಾಕುತ್ತಿದ್ದೆ. ಅವನು ಕಡಿಮೆ ಮಾತಿನ ಮನುಷ್ಯ. ನಾನು ತಪ್ಪು ಮಾಡಿದ ದಿನ ಮಾತ್ರ ಮಾತಾಡುತ್ತಿದ್ದ. ಹಾಗಾಗಿ ನಾವಿಬ್ಬರೂ ದಿನಾ ಮಾತಾಡುತ್ತಿದ್ದೆವು.

ಆ ಕಾರು ಫೋರ್ಮನ್ ಸಾರ್‌ದು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫೋರ್ಮನ್ ಆಗಿದ್ದು ರಿಟೈರ್ ಆದವರು. ಬೆಂಗಳೂರಿನ ಯಾವುದೋ ಶೆಡ್ಡಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಒಂದು ಎರಡೇ ಬಾಗಿಲಿನ ಹಳೇ ಫಾರಿನ್ ಕಾರನ್ನು ಲಾರಿ ಮೇಲೆ ಹಾಕಿಕೊಂಡು ತಂದರು. ನಾಲ್ಕು ವರ್ಷ ಮನೆಯ ಹಿಂದೆ ಕೂತು ಒಂದೊಂದೇ ಸ್ಕ್ರೂ ಬಿಚ್ಚಿ, ತೊಳೆದು, ಹಾಕಿದರು. ಕೆಂಪು ಬಣ್ಣ ಹೊಡೆಸಿದರು. ಅದರಲ್ಲಿ ಇದ್ದಿದ್ದು ಎರಡೇ ಸೀಟು.

"ಇದೇನ್ ಸಾರ್, ಇಬ್ರಿಗೇ ಆಯ್ತಲ್ಲ ಕಾರು," ಅಂತ ಒಂದು ಸಲ ಕೇಳಿದ್ದೆ.

"ಇಬ್ರೇ ಸಾಕು ತಂಬಿ. ಮೂವತ್ತು ವರ್ಷ ಬಸ್ಸಲ್ಲೇ ಓಡಾಡಿದ್ದೀವಿ. ಇವಳು ಹೆಂಗಸರ ಕಡೆ ಸೀಟು, ನಾನು ಗಂಡಸರ ಕಡೆ ಸೀಟು. ಇಳಿಯೋ ಸ್ಟಾಪು ಬಂದಾಗ ಎಗರಿ ಎಗರಿ ಹುಡುಕ್ಬೇಕಿತ್ತು. ಈಗಾದ್ರೂ ಪಕ್ಕದಲ್ಲಿ ಕುಂತ್ಕಳ್ಳೋಣ ಅಂತ."

ಇವಳು ಅಂದರೆ ಅವರ ಹೆಂಡತಿ ಅಲಮೇಲಮ್ಮ. ಮದುವೆಯಾದ ವಾರ ಫೋರ್ಮನ್ ಸಾರ್ ಅವರನ್ನು ಕೃಷ್ಣಗಿರಿ ಡ್ಯಾಮ್ ತೋರಿಸಲು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರಂತೆ. ಅಲಮೇಲಮ್ಮನಿಗೆ ದಾರಿಯಲ್ಲಿ ವಾಂತಿ ಬಂತು. ಗಂಡ ಎಲ್ಲಿದ್ದಾರೆ ಅಂತ ಕಾಣದೆ, ಪಕ್ಕದಲ್ಲಿ ಕೂತಿದ್ದ ಯಾರೋ ಅಜ್ಜಿಯ ಹೆಗಲ ಮೇಲೆ ತಲೆ ಇಟ್ಟರು. ಕಾರು ರೆಡಿಯಾದ ಮೇಲೆ ಮೊದಲು ಅಲ್ಲಿಗೇ ಹೋಗುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದರು.

ಕಾರಿನ ಹಳೇ ಚಕ್ರಗಳು ತುಕ್ಕು ತಿಂದು ಹೋಗಿದ್ದವು. ಸಾರ್ ಬೇರೆ ಅಲಾಯ್ ಚಕ್ರ ಹುಡುಕಿ ತಂದರು. ತೂತಿನ ಅಳತೆ ಸರಿಯಾಗಿತ್ತು, ಆದರೆ ಮುಂದಿನ ಎರಡು ಚಕ್ರ ತೀರಾ ಒಳಗೆ ಕೂತು, ಟೈರು ಹೋಗಿ ಶಾಕ್ ಅಬ್ಸಾರ್ಬರಿಗೆ ಉಜ್ಜುತ್ತಿತ್ತು. ಅದಕ್ಕೆ ಸ್ಪೇಸರ್ ಬೇಕಾಯಿತು.

"ಇಪ್ಪತ್ತೈದು ಮಿಲಿಮೀಟರು ಹಾಕು ಮುನಿಯಣ್ಣಾ," ಅಂದರು ಸಾರ್. "ಚಕ್ರ ಹೊರಗೆ ಬಂದು ನಿಂತ್ರೇನೇ ಲಕ್ಷಣ."

"ಲಕ್ಷಣ ನೋಡಾಕೆ ನೀವೇನು ಹೆಣ್ಣು ನೋಡಾಕೆ ಬಂದಿದ್ದೀರಾ ಸಾರ್? ಉಜ್ಜಬಾರ್ದು, ಅಷ್ಟೇ ತಾನೆ ಬೇಕಾಗಿರಾದು. ಎಷ್ಟು ಬೇಕೋ ಅಷ್ಟು ಇಕ್ಕಾಣ. ದಪ್ಪ ಜಾಸ್ತಿ ಆದಷ್ಟೂ ಬೇರಿಂಗು ಸಾಯ್ತದೆ."

ಮುನಿಯಣ್ಣ ಒಂದು ನಟ್ಟಿಗೆ ದಾರ ಕಟ್ಟಿ ಮಡ್‌ಗಾರ್ಡಿನ ಅಂಚಿನಿಂದ ಇಳಿಬಿಟ್ಟ. ಚಕ್ರ ಎಷ್ಟು ಹೊರಗೆ ಬಂದರೂ ಟೈರು ಆ ದಾರಕ್ಕೆ ತಾಗಬಾರದು. ಆಮೇಲೆ ಸೀಟಿನಲ್ಲಿ ನನ್ನನ್ನು ಕೂರಿಸಿ, ಪಕ್ಕದಲ್ಲಿ ಒಂದು ಮೂಟೆ ಕಬ್ಬಿಣದ ಚೂರು ಇಟ್ಟು, ಕಾರು ಪೂರ್ತಿ ತಗ್ಗುವ ಹಾಗೆ ಬಾನೆಟ್ಟಿನ ಮೇಲೆ ತಾನೇ ಕೂತು ಕುಲುಕಿದ. ಸ್ಟೀರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸು ಅಂದ, ಬಲಕ್ಕೆ ಪೂರ್ತಿ ತಿರುಗಿಸು ಅಂದ. ಒಳಗಡೆ ಒಂದು ಬೆರಳು ಹೋಗುವಷ್ಟು ಜಾಗ ಬರಬೇಕು, ಹೊರಗಡೆ ಮಡ್‌ಗಾರ್ಡು ಕೊಯ್ಯಬಾರದು. ಲೆಕ್ಕ ಹಾಕಿ ಹನ್ನೆರಡು ಮಿಲಿಮೀಟರು ಅಂದ. ಸಾರಿನ ಮುಖ ಸಣ್ಣಗಾಯಿತು. ಮುನಿಯಣ್ಣ ಆ ಕಡೆ ನೋಡಲೇ ಇಲ್ಲ.

ಬಿಲ್ಲೆ ದಪ್ಪ ಆದಷ್ಟೂ ಬೋಲ್ಟೂ ಅಷ್ಟೇ ಉದ್ದ ಆಗಬೇಕು. ಹಳೇ ಬೋಲ್ಟು ಹಾಕಿದರೆ ತುದಿಯಲ್ಲಿ ಎರಡೋ ಮೂರೋ ಸುತ್ತು ಕಚ್ಚಿಕೊಂಡಿರುತ್ತದೆ. ನೋಡಲು ಬಿಗಿಯಾಗಿಯೇ ಇರುತ್ತದೆ, ಒಂದು ಹಳ್ಳಕ್ಕೆ ಬಿದ್ದಾಗ ಕಿತ್ತು ಬರುತ್ತದೆ. ಸ್ಪ್ಯಾನರ್ ಮುಟ್ಟುವ ಮೊದಲು ಬರಿಗೈಯಲ್ಲಿ ಎಂಟು ಸುತ್ತಾದರೂ ಹೋಗಬೇಕು ಅನ್ನುವುದು ಮುನಿಯಣ್ಣನ ಕಾನೂನು. ನಾನು ಬಾಯಿಬಿಟ್ಟು ಎಣಿಸಬೇಕಿತ್ತು. ಶಾಲೆಯಲ್ಲಿ ಬಾರದ ಎಂಟರ ಮಗ್ಗಿ ಅಂಗಡಿಯಲ್ಲಿ ಬಂತು.

ಈಗ ಬಿಂದಿಗೆಯ ಕೆಳಗೆ ಇರುವ ಬಿಲ್ಲೆಗೆ ಬರುತ್ತೇನೆ. ಅದು ಮೊದಲು ಮಾಡಿದ್ದು, ಕೆಟ್ಟಿದ್ದು. ಕೆಡಿಸಿದವನು ನಾನು. ಹಬ್‌ನ ನಡುವೆ ಒಂದು ಮೂತಿ ಇರುತ್ತದೆ. ಸ್ಪೇಸರಿನ ನಡುವಿನ ತೂತು ಆ ಮೂತಿಗೆ ಬಳೆಯಂತೆ ಹೊಂದಿ ಕೂರಬೇಕು. ಒಂದು ಕೂದಲು ಸಡಿಲ ಇದ್ದರೂ ಚಕ್ರ ನಡುವಿಗೆ ಬರುವುದಿಲ್ಲ, ಸ್ಪೀಡಿನಲ್ಲಿ ಕಾರು ನಡುಗುತ್ತದೆ. ಆ ಮೂತಿಯ ಅಳತೆ ತೆಗೆದುಕೊಂಡು ಬಾ ಅಂತ ಮುನಿಯಣ್ಣ ನನ್ನನ್ನು ಕಳಿಸಿದ್ದ. ನಾನು ತೆಗೆದುಕೊಂಡು ಬಂದೆ. ಅವನು ಬಿಲ್ಲೆ ತಿರುಗಿಸಿ ಕೊಟ್ಟ. ಹಾಕಿ ನೋಡಿದರೆ ಲೊಟಲೊಟ ಅನ್ನುತ್ತಿತ್ತು.

"ಲೇ ಮಂಜ, ನೀನು ಹಬ್ ಅಳತೆ ತಗಂಡ್ಯಾ, ತುಕ್ಕಿನ ಅಳತೆ ತಗಂಡ್ಯಾ?"

ತುಕ್ಕು ಕೆರೆಯದೆ ಅದರ ಮೇಲೇ ಅಳತೆ ಹಿಡಿದಿದ್ದೆ. ಮೂತಿ ಇರುವುದಕ್ಕಿಂತ ದಪ್ಪ ಕಂಡಿತ್ತು.

"ಕೂರಾ ಜಾಗ ಮದ್ಲು ನೋಡು ಕಣ್ಲಾ. ಮಿಕ್ಕಿದ್ದೆಲ್ಲ ಆಮೇಲೆ. ಕೂರಾ ಜಾಗದಾಗೆ ಏನೂ ಇರಬಾರ್ದು."

ಇಷ್ಟು ಹೇಳಿ ಆ ಬಿಲ್ಲೆಯನ್ನು ನಾನು ಬುತ್ತಿ ಚೀಲ ನೇತು ಹಾಕುವ ಮೊಳೆಗೇ ನೇತು ಹಾಕಿದ. ದಿನಾ ಊಟಕ್ಕೆ ಮೊದಲು ಅದನ್ನು ತೆಗೆದು ಪಕ್ಕಕ್ಕಿಡಬೇಕು, ಆಮೇಲೆ ಚೀಲ ತೆಗೆಯಬೇಕು. ಬೈಗುಳಕ್ಕಿಂತ ಅದೇ ಜಾಸ್ತಿ ಉರಿಯಿತು.

ಕೂರುವ ಜಾಗದ ವಿಷಯ ನನಗೆ ಹೊಸದೇನಲ್ಲ. ಉದ್ದನಪಲ್ಲಿ ಹತ್ತಿರದ ನಮ್ಮ ಊರಿನಲ್ಲಿ ನನ್ನ ತಾತನಿಗೆ ಎತ್ತಿನ ಗಾಡಿ ಇತ್ತು. ಕೆಲಮಂಗಲದ ಸಂತೆಗೆ ಹೋಗುವ ಹಿಂದಿನ ದಿನ ಚಕ್ರ ಬಿಚ್ಚಿ, ಅಚ್ಚು ಒರೆಸಿ, ಕೀಲೆಣ್ಣೆ ಹಚ್ಚುತ್ತಿದ್ದ. ಎಣ್ಣೆ ಹಚ್ಚುವ ಮೊದಲು ನನ್ನನ್ನು ಕರೆದು ಅಚ್ಚಿನ ಮೇಲೆ ಬೆರಳು ಆಡಿಸು ಅನ್ನುತ್ತಿದ್ದ. ಮಕ್ಕಳ ಬೆರಳಿಗೆ ಸಣ್ಣ ಮರಳೂ ಸಿಗುತ್ತದೆ ಅಂತ. ಒಂದು ಕಾಳು ಮರಳು ಹುಡುಕಿ ಕೊಟ್ಟರೆ ಒಂದು ಚೂರು ಬೆಲ್ಲ. ನಾನು ಎರಡನೇ ವಾರದಿಂದಲೇ ಚಡ್ಡಿ ಜೇಬಿನಲ್ಲಿ ಮರಳು ಇಟ್ಟುಕೊಂಡು ಹೋಗುತ್ತಿದ್ದೆ. ತಾತನಿಗೆ ಗೊತ್ತಾಗದೆ ಇರುತ್ತದೆಯೇ. ಮೂರು ಕಾಳಿಗೆ ಮೂರು ಚೂರು ಬೆಲ್ಲ ಕೊಟ್ಟು, "ಇವತ್ತು ಅಚ್ಚಿನ ಮ್ಯಾಲೆ ಹೊಳೆನೇ ಹರಿದೈತೆ," ಅನ್ನುತ್ತಿದ್ದ. ಗಾಡಿ ಹೊರಟು ಒಂದು ಮೈಲಿ ಆದ ಮೇಲೆ ಹುಣಸೆ ಮರದ ಕೆಳಗೆ ನಿಲ್ಲಿಸಿ, ಇಳಿದು, ಚಕ್ರ ಕಳಚದಂತೆ ಹಿಡಿಯುವ ಕಡಾಣಿಗೆ ಎರಡೆರಡು ಏಟು ಹಾಕುತ್ತಿದ್ದ. ಮೊದಲ ಮೈಲಿ ಚಕ್ರ ಕೂರಲಿಕ್ಕೆ, ಆಮೇಲಿನ ಮೈಲಿ ನಾವು ಹೋಗಲಿಕ್ಕೆ ಅನ್ನುವುದು ಅವನ ಮಾತು. ಇವತ್ತು ನಾನೂ ಗಿರಾಕಿಗಳಿಗೆ ಐವತ್ತು ಕಿಲೋಮೀಟರು ಓಡಿಸಿ ವಾಪಸ್ ಬನ್ನಿ, ಬೋಲ್ಟು ಇನ್ನೊಂದು ಸಲ ನೋಡಬೇಕು ಅನ್ನುತ್ತೇನೆ. ತಾತನ ಹುಣಸೆ ಮರ ಸ್ವಲ್ಪ ದೂರ ಹೋಗಿದೆ, ಅಷ್ಟೇ.

ಇನ್ನು ಅವ್ವನ ವಿಷಯ. ಅಪ್ಪ ಲಾರಿ ಓಡಿಸುತ್ತಾನೆ. ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಹೊರಡುವಾಗ ಅವ್ವ ಲಾರಿಯ ಒಂದೊಂದು ಚಕ್ರಕ್ಕೂ ಅರಿಶಿನ ಕುಂಕುಮ ಇಟ್ಟು, ಅಕ್ಷತೆ ಹಾಕಿ ಕಳಿಸಬೇಕು. ಒಂದು ಚಕ್ರ ಮರೆತರೂ ಅವತ್ತು ರಾತ್ರಿ ಊಟ ಮಾಡುವುದಿಲ್ಲ. ಅವ್ವನ ಕೈಗೆ ಕುಂಕುಮದ ಬಟ್ಟಲು ಕೊಟ್ಟು ಹೈವೇ ಪಕ್ಕದಲ್ಲಿ ನಿಲ್ಲಿಸಿದರೆ ಬೆಂಗಳೂರಿಗೆ ಹೋಗುವ ಒಂದು ಗಾಡಿಯನ್ನೂ ಬಿಡುವುದಿಲ್ಲ. ಅವಳು ಗುಲಾಬಿ ತೋಟದಲ್ಲಿ ಹೂವು ಕೊಯ್ಯುವ ಕೆಲಸಕ್ಕೆ ಹೋಗುತ್ತಾಳೆ. ಪ್ಲಾಸ್ಟಿಕ್ ಹೊದಿಸಿದ ಶೆಡ್ಡು, ಒಳಗೆ ಉಸಿರು ಕಟ್ಟುವ ಸೆಕೆ. ಅವಳ ಮೊಣಕೈಯವರೆಗೆ ಮುಳ್ಳು ಗೀರಿದ ಗೆರೆಗಳು. ತೊಟ್ಟು ಗಿಡ್ಡ ಅಂತ ಬಿಟ್ಟ ಹೂವುಗಳನ್ನು ಕೇಳಿ ತರುತ್ತಾಳೆ. ಹಾಗಾಗಿ ನಮ್ಮ ಮನೆಯ ಸೈಕಲ್ಲಿಗೂ ವಾರಕ್ಕೊಂದು ಗುಲಾಬಿ.

ಆ ಶುಕ್ರವಾರ ಮುನಿಯಣ್ಣ ಬೆಳಗ್ಗೆಯೇ ಬಸ್ಸಿನಲ್ಲಿ ಅತ್ತಿಬೆಲೆಗೆ ಹೋಗಿದ್ದ. ಸ್ಪೇಸರ್ ಹಾಕುವ ಕೆಲಸ ಮೊದಲ ಸಲ ನನ್ನೊಬ್ಬನ ಮೇಲೆ ಬಿಟ್ಟಿದ್ದ. ಸಾರೂ ಅಲಮೇಲಮ್ಮನೂ ಹೊಸ ಬಟ್ಟೆ ಹಾಕಿಕೊಂಡು ಕಾರಿನಲ್ಲೇ ಬಂದಿದ್ದರು, ಹಳೇ ಚಕ್ರದಲ್ಲಿ. ಸ್ಪೇಸರು, ಹೊಸ ಚಕ್ರ ಹಾಕಿಸಿಕೊಂಡು ಹಾಗೇ ಡ್ಯಾಮಿಗೆ ಹೊರಡುವುದು ಅಂತ. ನಾನು ಕಾರು ಎತ್ತಿ, ಚಕ್ರ ಬಿಚ್ಚಿ, ಹಬ್ ಎರಡನ್ನೂ ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಉಪ್ಪು ಕಾಗದ ಹಾಕಿ ಉಜ್ಜಿ, ಮುಖ ಕಾಣುವಷ್ಟು ಮಾಡಿದೆ. ಒಂದು ಸಲ ಬುದ್ಧಿ ಬಂದಿತ್ತಲ್ಲ.

ಮೇಲೆ ಎದ್ದು ನೋಡಿದರೆ ಅವ್ವ. ಕೆಲಸಕ್ಕೆ ಹೋಗುವ ದಾರಿಯಲ್ಲಿ ನನ್ನ ಬುತ್ತಿ ಕೊಡಲು ಬಂದವಳು, ಹೊಸ ಕಾರಿನ ಪೂಜೆ ಅಂತ ಕೇಳಿ ಸುಮ್ಮನೆ ಹೋಗುತ್ತಾಳೆಯೇ. ಬೆಂಚಿನ ಮೇಲೆ ಇಟ್ಟಿದ್ದ ಎರಡು ಸ್ಪೇಸರಿಗೂ ಅರಿಶಿನ ಕಲಸಿ ಬಳಿದು, ಮೇಲೆ ಕುಂಕುಮ ಇಟ್ಟು, ಅಕ್ಷತೆ ಹಾಕಿ ಒತ್ತಿದ್ದಳು. ಎರಡೂ ಮುಖಕ್ಕೆ. ಮೊಳೆಗೆ ನೇತು ಹಾಕಿದ್ದ ಕೆಟ್ಟ ಬಿಲ್ಲೆಯನ್ನೂ ಬಿಟ್ಟಿರಲಿಲ್ಲ.

"ಅದು ಕೆಟ್ಟೋಗಿರಾದು ಕಣವ್ವ."

"ಕೆಟ್ಟೋಗಿದ್ರೇನ್ಲಾ, ಪಾಪ, ಅದೂ ಚಕ್ರದ್ದೇ ಅಲ್ವಾ."

ಅಲಮೇಲಮ್ಮ ಕೈ ಮುಗಿದುಕೊಂಡು ನಿಂತಿದ್ದರು. "ಎಷ್ಟು ಲಕ್ಷಣವಾಗಿ ಇಟ್ಟಿದ್ದೀರಮ್ಮ," ಅಂದರು. ಅವ್ವನಿಗೆ ಅಂಥ ಮಾತು ಯಾರೂ ಹೇಳುವುದಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಮುಖದಲ್ಲಿ ಏನೂ ಇರಲಿಲ್ಲ.

ನನ್ನ ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ. ಕೂರುವ ಜಾಗದಲ್ಲಿ ಏನೂ ಇರಬಾರದು ಅಂತ ಗೊತ್ತಿತ್ತು. ಆದರೆ ಹೊಸದಾಗಿ ಹೊರಡುವ ಗಾಡಿ, ಮೊದಲ ಸಲ ಇಟ್ಟ ಕುಂಕುಮ, ಇಟ್ಟವಳು ಎದುರಿಗೇ ನಿಂತಿದ್ದಾಳೆ. ಅದನ್ನು ಗ್ರೀಸು ಬಟ್ಟೆಯಲ್ಲಿ ಒರೆಸಿ ಹಾಕಲು ಕೈ ಬರಲಿಲ್ಲ. ಒಂದು ಚೂರು ಅರಿಶಿನ ಏನು ಮಾಡೀತು ಅಂದುಕೊಂಡೆ. ಹಾಗೇ ಹಾಕಿದೆ. ಬೋಲ್ಟು ಕೈಯಲ್ಲಿ ಹತ್ತು ಸುತ್ತು ಹೋಯಿತು. ಎದುರುಬದುರಾಗಿ ಒಂದೊಂದೇ ಬಿಗಿದೆ. ಟಾರ್ಕ್ ರೆಂಚು ನಾಲ್ಕಕ್ಕೂ ಟಕ್ ಅಂತು. ರೆಂಚಿಗೆ ಏನು ಗೊತ್ತು, ಅದು ಬಿಗಿ ಹೇಳುತ್ತದೆ, ಯಾವುದರ ಮೇಲೆ ಬಿಗಿಯಾಗಿದೆ ಅಂತ ಹೇಳುವುದಿಲ್ಲ.

"ಐವತ್ತು ಕಿಲೋಮೀಟರು ಆದ್ಮೇಲೆ ಇನ್ನೊಂದ್ಸಲ ನೋಡ್ಬೇಕು ಸಾರ್."

"ಡ್ಯಾಮೇ ಐವತ್ತು ಕಿಲೋಮೀಟರು. ಹೋಗಿ ಬಂದು ತೋರಿಸ್ತೀನಿ ತಂಬಿ."

ನಿಂಬೆಹಣ್ಣು ತುಳಿಸಿಕೊಂಡು ಹೋದರು. ಅವ್ವ ತೋಟಕ್ಕೆ ಹೋದಳು. ನಾನು ಟೀ ತರಿಸಿಕೊಂಡು ಕೂತೆ. ಕೆಟ್ಟ ಬಿಲ್ಲೆ ಕೈಗೆ ಬಂತು. ಅರಿಶಿನ ಆಗಲೇ ಒಣಗಿ ಗಟ್ಟಿಯಾಗಿತ್ತು. ಸುಮ್ಮನೆ ಬೆರಳು ಆಡಿಸಿದೆ. ಬೆರಳಿಗೆ ಕಾಳು ಸಿಕ್ಕಿತು. ಇನ್ನೊಂದು ಕಡೆ ಇನ್ನೊಂದು. ಉಗುರಿನಲ್ಲಿ ಎಬ್ಬಿಸಿದರೂ ಏಳಲಿಲ್ಲ.

ಅಕ್ಕಿ. ಒಂದು ಕೂದಲು ಸಡಿಲಕ್ಕೆ ಬಿಲ್ಲೆ ಬೇಡ ಅಂದ ಅಂಗಡಿಯಲ್ಲಿ ನಾನು ಹಬ್‌ಗೂ ಸ್ಪೇಸರಿಗೂ ಮಧ್ಯೆ ಅಕ್ಕಿ ಕಾಳು ಇಟ್ಟು ಬೋಲ್ಟು ಬಿಗಿದಿದ್ದೆ. ಓಡುತ್ತಾ ಓಡುತ್ತಾ ಅಕ್ಕಿ ಹಿಟ್ಟಾಗುತ್ತದೆ, ಅರಿಶಿನ ಪುಡಿಯಾಗಿ ಉದುರುತ್ತದೆ. ಅಷ್ಟು ಜಾಗ ಖಾಲಿಯಾದರೆ ಬೋಲ್ಟು ಸಡಿಲ. ಬೋಲ್ಟು ಸಡಿಲವಾದರೆ ಏನು ಅಂತ ನಾನು ಹೇಳಬೇಕಾಗಿಲ್ಲ.

ಬೂತಿಗೆ ಓಡಿ ಸಾರಿನ ಮೊಬೈಲಿಗೆ ಫೋನು ಹಾಕಿದೆ. ಅವರು ಅದನ್ನು ಯಾವಾಗಲೂ ಮನೆಯಲ್ಲೇ ಚಾರ್ಜಿಗೆ ಹಾಕಿಟ್ಟು ಹೋಗುವವರು. ಯಾರೂ ಇಲ್ಲದ ಮನೆಯಲ್ಲಿ ಅದು ಬಡಿದುಕೊಂಡಿತು. ಅಂಗಡಿ ಶಟರ್ ಎಳೆದು, ಮುನಿಯಣ್ಣನ ಮೊಪೆಡ್ ತೆಗೆದುಕೊಂಡು, ಟಾರ್ಕ್ ರೆಂಚನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೃಷ್ಣಗಿರಿ ರಸ್ತೆಗೆ ಬಿದ್ದೆ. ಮೊಪೆಡ್‌ನಲ್ಲಿ ಸ್ಪೋರ್ಟ್ಸ್ ಕಾರನ್ನು ಹಿಡಿಯಲು ಹೊರಟವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಟೊಮೇಟೊ ಟೆಂಪೊಗಳೂ ನನ್ನನ್ನು ದಾಟಿ ಹೋದವು. ನನಗೆ ದೇವರು ನೆನಪಾಗಲಿಲ್ಲ. ಅಕ್ಕಿ ಕಾಳು ಎಷ್ಟು ದಪ್ಪ ಇರುತ್ತದೆ ಅಂತ ಮಾತ್ರ ಯೋಚಿಸುತ್ತಿದ್ದೆ. ಅವ್ವ ರೇಷನ್ ಅಕ್ಕಿ ಹಾಕಿದ್ದಳೋ ಸಣ್ಣಕ್ಕಿ ಹಾಕಿದ್ದಳೋ. ರೇಷನ್ ಅಕ್ಕಿ ದಪ್ಪ. ಅಲಮೇಲಮ್ಮ ಕಾರಿನ ಬಾಗಿಲು ಹಾಕಿಕೊಳ್ಳುವಾಗ ಸೆರಗನ್ನು ಒಳಗೆ ಎಳೆದುಕೊಂಡಿದ್ದು ಕಣ್ಣ ಮುಂದೆ ಬರುತ್ತಿತ್ತು. ಎಷ್ಟು ಓಡಿಸಿದರೂ ಅದು ಹೋಗಲಿಲ್ಲ.

ಶೂಳಗಿರಿ ಹತ್ತಿರ ಒಂದು ಟೀ ಅಂಗಡಿ ಮುಂದೆ ಜನ ಸೇರಿದ್ದರು. ಬ್ರೇಕು ಹಿಡಿದೆ. ಹತ್ತಿರ ಹೋದರೆ ಜನರ ನಡುವೆ ಕೆಂಪು ಕಾರು ನೆಟ್ಟಗೆ ನಿಂತಿತ್ತು. ಸಾರ್ ಬಾನೆಟ್ ಎತ್ತಿ ಎಲ್ಲರಿಗೂ ಇಂಜಿನ್ ತೋರಿಸುತ್ತಿದ್ದರು. ಅಲಮೇಲಮ್ಮ ಬೆಂಚಿನ ಮೇಲೆ ಟೀ ಕುಡಿಯುತ್ತಾ ಕೂತಿದ್ದರು.

ನನ್ನನ್ನು ಕಂಡಿದ್ದೇ ಅಲಮೇಲಮ್ಮ ಶುರು ಮಾಡಿದರು. "ಬಾಪ್ಪ, ನೀನೇ ಹೇಳು. ಕಾರು ನಡುಗ್ತಾ ಐತೆ ನಿಲ್ಸಿ ಅಂದೆ. ಸ್ಪೋರ್ಟ್ಸ್ ಕಾರು ಅಂದ್ರೆ ಹಂಗೇ ಇರತ್ತೆ ಅಂದ್ರು. ಮದುವೆ ಆದಾಗ ಬಸ್ಸಲ್ಲಿ ವಾಂತಿ ಬಂದಿದ್ದಕ್ಕೂ ಹಿಂಗೇ ಅಂದಿದ್ರು, ಡ್ಯಾಮಿನ್ ದಾರಿ ಅಂದ್ರೆ ಹಂಗೇ ಇರತ್ತೆ ಅಂತ. ಟೀ ಬೇಕು ಅಂತ ಸುಳ್ಳು ಹೇಳಿ ನಿಲ್ಲಿಸ್ದೆ."

ನಾನು ಎಡಗಡೆ ಮುಂದಿನ ಚಕ್ರಕ್ಕೆ ಕೂತೆ. ಒಂದು ಬೋಲ್ಟು ಬರಿಗೈಯಲ್ಲಿ ತಿರುಗಿತು. ಇನ್ನೆರಡು ರೆಂಚು ಮುಟ್ಟಿದ ಕೂಡಲೇ ಬಂದವು.

ಸಾರ್ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಏನಾಯ್ತು ತಂಬಿ?"

"ಹಬ್ ಸರಿಯಾಗಿ ಒರೆಸ್ಲಿಲ್ಲ ಸಾರ್. ತಪ್ಪು ನಂದು."

ಕಾರಿನಲ್ಲೇ ಇದ್ದ ಜಾಕಿ ಹಾಕಿ ಚಕ್ರ ಬಿಚ್ಚಿ ಸ್ಪೇಸರ್ ಎಳೆದೆ. ಒಳಮುಖದ ಮೇಲೆ ಅರ್ಧ ಅರಿಶಿನ ಉದುರಿ ಹೋಗಿತ್ತು. ಒಂದು ಅಕ್ಕಿ ಕಾಳು ಉಗುರಿನಷ್ಟು ಅಗಲಕ್ಕೆ ಬಿಳಿ ಚುಕ್ಕೆಯಾಗಿ ಅಂಟಿಕೊಂಡಿತ್ತು. ಸಾರ್ ಅದರ ಮೇಲೆ ಹೆಬ್ಬೆರಳು ಸವರಿದರು. ಮೂಗಿಗೆ ಹಿಡಿದರು. ಮೂವತ್ತು ವರ್ಷ ಫೋರ್ಮನ್ ಆಗಿದ್ದ ಮನುಷ್ಯ. ನನ್ನ ಮುಖ ನೋಡಿದರು. ಆ ಕಡೆ ಅಲಮೇಲಮ್ಮನೂ ಕತ್ತು ಚಾಚಿ ನೋಡುತ್ತಿದ್ದರು.

"ಹಳೇ ಗ್ರೀಸು," ಅಂದರು ಸಾರ್, ಗಟ್ಟಿಯಾಗಿ. "ಗ್ರೀಸು ಒಣಗಿದ್ರೆ ಹಿಂಗೇ ಹಳದಿ ಆಗತ್ತೆ."

ಆಮೇಲೆ ಅದರ ಮಾತು ಎತ್ತಲೇ ಇಲ್ಲ. ಡ್ಯಾಮಿಗೆ ಅಂತ ತಂದಿದ್ದ ಹೊಸ ಟವಲನ್ನು ಅಲಮೇಲಮ್ಮ ಕೊಟ್ಟರು. ಮೊಪೆಡ್‌ನಿಂದ ಚೂರು ಪೆಟ್ರೋಲು ತೆಗೆದು ಎರಡು ಸ್ಪೇಸರನ್ನೂ ಎರಡು ಹಬ್‌ಗಳನ್ನೂ ಮುಖ ಕಾಣುವ ಹಾಗೆ ಒರೆಸಿದೆ. ಕೆರೆದು ತೆಗೆದ ಅಕ್ಷತೆಯನ್ನು ಟೀ ಅಂಗಡಿ ಮುಂದೆ ಜನ ತುಳಿಯುವ ಕಡೆ ಹಾಕಲು ಮನಸ್ಸು ಬರದೆ, ನನ್ನ ಬಟ್ಟೆ ಚೂರಿನಲ್ಲಿ ಮಡಿಸಿ ಪ್ಯಾಂಟಿನ ಜೇಬಿಗೆ ಇಟ್ಟುಕೊಂಡೆ. ಬರಿಬೆರಳು ಎರಡು ಸಲ ಆಡಿಸಿ ನೋಡಿ, ಬೋಲ್ಟಿನ ಸುತ್ತು ಎಣಿಸಿ ಎಣಿಸಿ ಹಾಕಿದೆ.

"ಐದು ಕಿಲೋಮೀಟರಿಗೆ ಒಂದ್ಸಲ ನಿಲ್ಲಿಸ್ಬೇಕು ಸಾರ್. ನಾನೂ ಬತ್ತೀನಿ. ನಾನು ಮುಂದೆ, ನೀವು ಹಿಂದೆ. ಇದರ ಸ್ಪೀಡ್ ದಾಟ್ಬ್ಯಾಡಿ."

"ನನ್ ಕಾರು ಮೊಪೆಡ್ ಹಿಂದೆ ಹೋಗೋದಾ?"

"ಹೋಗ್ರೀ ಸುಮ್ಕೆ," ಅಂದರು ಅಲಮೇಲಮ್ಮ.

ಹಾಗೆ ಹೋದೆವು. ಮುಂದೆ ಹೊಗೆ ಬಿಡುತ್ತಾ ನಾನು, ಹಿಂದೆ ನಾಲ್ಕು ವರ್ಷ ಕಷ್ಟಪಟ್ಟು ಎಬ್ಬಿಸಿದ ಕೆಂಪು ಕಾರು. ಬಸ್ಸಿನ ಕಿಟಕಿಗಳಿಂದ ಜನ ನಗುತ್ತಿದ್ದರು. ಐದು ಕಡೆ ನಿಲ್ಲಿಸಿ ನೋಡಿದೆ. ಒಂದು ಬೋಲ್ಟೂ ಕದಲಿರಲಿಲ್ಲ. ಡ್ಯಾಮಿನ ಹತ್ತಿರ ಅವರಿಬ್ಬರೂ ಕಾರಿನ ಬಾಗಿಲು ತೆಗೆದುಕೊಂಡು, ಪಕ್ಕ ಪಕ್ಕದ ಸೀಟಿನಲ್ಲೇ ಕೂತು ಎಲೆಯ ಮೇಲೆ ಮೀನು ಫ್ರೈ ತಿಂದರು. ಸಾರ್ ಮುಳ್ಳು ಬಿಡಿಸಿ ಬಿಡಿಸಿ ಅವರ ಕಡೆ ತಳ್ಳುತ್ತಿದ್ದರು. ನನಗೂ ಒಂದು ಎಲೆ ಕೊಟ್ಟರು. ನಾನು ಚಕ್ರ ನೋಡಿಕೊಂಡೇ ತಿಂದೆ.

ಮುನಿಯಣ್ಣನಿಗೆ ಸಾಯಂಕಾಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವತ್ತು ಮಾತ್ರ ಅವನು ಬೈಯಲಿಲ್ಲ. ಮೊಳೆಯಿಂದ ಆ ಕೆಟ್ಟ ಬಿಲ್ಲೆ ತೆಗೆದು ನನ್ನ ಚೀಲಕ್ಕೆ ಹಾಕಿದ. "ಮನೆಗೆ ತಗಂಡೋಗು. ಇನ್ ಮ್ಯಾಕೆ ಇದು ಇಲ್ಲಿ ಬ್ಯಾಡ," ಅಂದ. ಕ್ಷಮಿಸಿದನೋ ಅಸಹ್ಯ ಪಟ್ಟುಕೊಂಡನೋ ಇವತ್ತಿಗೂ ಗೊತ್ತಿಲ್ಲ. ಮನೆಯಲ್ಲಿ ಅದನ್ನು ಎಲ್ಲೋ ಇಟ್ಟೆ. ಅವ್ವ ತೆಗೆದು, ತೊಳೆದು, ಬಿಂದಿಗೆಯ ಕೆಳಗೆ ಇಟ್ಟುಕೊಂಡಳು.

ಅವ್ವನಿಗೆ ನಾನ್ಯಾಕೆ ಹೇಳಲಿ. ನೀನು ಇಟ್ಟ ಕುಂಕುಮದಿಂದ ಇಬ್ಬರು ರಸ್ತೆಯಲ್ಲಿ ಬೀಳುತ್ತಿದ್ದರು ಅಂತ ಹೇಳಿದರೆ, ಅವಳು ಅಪ್ಪನ ಲಾರಿಗೆ ಮತ್ತೆ ಕೈ ಇಡುತ್ತಾಳೆಯೇ. ಇಡದಿದ್ದರೆ ನಿದ್ದೆ ಮಾಡುತ್ತಾಳೆಯೇ. ಒರೆಸಬೇಕಾಗಿದ್ದವನು ನಾನು. ನುಂಗಿಕೊಂಡೆ. ಅವಳು ಅಂಗಡಿಗೆ ಬಂದಾಗೆಲ್ಲ ಬೆಂಚಿನ ಮೇಲೆ ಸ್ಪೇಸರ್ ಇದ್ದರೆ ಮೇಲೆ ಗೋಣಿಚೀಲ ಮುಚ್ಚುತ್ತಿದ್ದೆ. ಆದರೆ ಅವಳು ಆಮೇಲೆ ಬೆಂಚಿನ ಹತ್ತಿರವೇ ಬರಲಿಲ್ಲ. ಚಕ್ರ ಪೂರ್ತಿ ಹಾಕಿ ಕಾರು ಕೆಳಗಿಳಿಸುವವರೆಗೆ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಬಂದು ಟೈರಿನ ಹೊರಮೈಗೆ ಮಾತ್ರ ಇಟ್ಟು ಹೋಗುತ್ತಿದ್ದಳು. ನನ್ನ ಪುಣ್ಯ ಅಂದುಕೊಂಡೆ. ಹೀಗೇ ಮೂರು ವರ್ಷ ಆಯಿತು.

ಹೋದ ಶುಕ್ರವಾರ ನಾನು ಮನೆಯಲ್ಲಿದ್ದೆ. ಅವ್ವ ಬಿಂದಿಗೆ ಬೆಳಗಿ ಕವುಚಿ ಹಾಕಿ, ಬಿಲ್ಲೆಯನ್ನೂ ಹುಣಸೆ ಹಣ್ಣು ಹಾಕಿ ತಿಕ್ಕಿ ತೊಳೆದಳು. ಬಿಂದಿಗೆಯ ಹೊಟ್ಟೆಗೆ ಕುಂಕುಮ ಇಟ್ಟಳು. ಬಿಲ್ಲೆಯ ಹೊರ ಅಂಚಿಗೆ, ದಪ್ಪ ಕಾಣುವ ಕಡೆ, ನಾಲ್ಕು ಬೊಟ್ಟು ಇಟ್ಟಳು. ಮುಖದ ಮೇಲೆ ಒಂದೂ ಇಡಲಿಲ್ಲ. ನನಗೆ ಏನನ್ನಿಸಿತೋ, ಕೇಳಿಬಿಟ್ಟೆ.

"ಅವ್ವ, ಮೇಲ್ಗಡೆ ಯಾಕಿಡಲ್ಲ?"

"ಅದು ಕೂರಾ ಜಾಗ ಕಣ್ಲಾ. ಅಲ್ಲೇನೂ ಇರಬಾರ್ದು."

ಮುನಿಯಣ್ಣನ ಮಾತು ಅವಳ ಬಾಯಲ್ಲಿ. "ಯಾರ್ ಹೇಳಿದ್ದು ನಿಂಗೆ?"

"ಯಾರ್ ಹೇಳ್ಬೇಕು. ಅವತ್ತು ನಿನ್ ಪ್ಯಾಂಟು ಒಗ್ದೋಳು ಯಾರು? ಜೇಬ್ನಾಗೆ ನನ್ ಅಕ್ಷತೆ ಹಿಟ್ಟಾಗಿ, ಮಸಿ ಬಳ್ಕೊಂಡು ಬಟ್ಟೇಲಿ ಕುಂತಿತ್ತು. ನೀನು ಉಣ್ಣಾಕೆ ಕುಂತು ಅನ್ನದಾಗೆ ಬೆರಳಾಡಿಸ್ತಾ ಇದ್ದೆ. ಮಾರನೇ ದಿನ ಹೋಗಿ ಮುನಿಯಣ್ಣನ್ನ ಕೇಳ್ದೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀನ್ ಹೇಳ್ದ್ಯಾ?"

ಅವಳು ಬಿಂದಿಗೆ ತುಂಬಿ ಎತ್ತಿ ತಂದಳು. ಇಡುವ ಮೊದಲು ಬಿಲ್ಲೆಯ ಮೇಲೆ ಮುಳ್ಳು ಗೀರಿದ ಬೆರಳನ್ನು ಒಂದು ಸುತ್ತು ಆಡಿಸಿದಳು. ಇಟ್ಟಳು. ಕಂಠ ಹಿಡಿದು ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ಅಲ್ಲಾಡಿಸಿ ನೋಡಿದಳು.

"ಕುಂತ್ಕಂತು," ಅಂದಳು.